ಹಳೆಯ ಫ್ರೆಂಚ್ ಯುದ್ಧ ಪೋಸ್ಟರ್‌ಗಳಲ್ಲಿ ಸಂತ್ರಸ್ತರ ಚಿತ್ರದ ಜೊತೆ ಒಂದು ದಿನಾಂಕ ಇರುವುದೇಕೆ?

ಅದು ಯಾರೋ ಮಡಿದ ದಿನವಲ್ಲ, ಚಂದಾ ಎತ್ತುವ ದಿನ. ಮೊದಲ ಮಹಾಯುದ್ಧದ ಇಂಥ ಎಷ್ಟೋ ಪೋಸ್ಟರ್‌ಗಳಲ್ಲಿ ದೊಡ್ಡದಾಗಿ ಕಾಣುವ ‘ಜೂರ್ನೆ’ ಎಂದರೆ ‘ದಿನಾಚರಣೆ’. 1915ರ ಡಿಸೆಂಬರ್ 25 ಮತ್ತು 26 ಕಂದಕದ ಸೈನಿಕರಿಗೆ ಮೀಸಲಾಗಿದ್ದವು. 1916ರ ಜೂನ್ 25 ಸರ್ಬಿಯಾದವರಿಗೆ.

ಕ್ರಮ ಸರಳವಾಗಿತ್ತು. ಮೊದಲು ಗೋಡೆಗಳ ಮೇಲೆ ಪೋಸ್ಟರ್ ಬೀಳುತ್ತಿತ್ತು. ಗೊತ್ತಾದ ದಿನ ಸ್ವಯಂಸೇವಕರು ಬೀದಿಗಿಳಿದು, ಎದೆಗೆ ಸಿಕ್ಕಿಸಿಕೊಳ್ಳುವ ಪುಟ್ಟ ರಟ್ಟಿನ ಬಿಲ್ಲೆಗಳನ್ನು ಮಾರುತ್ತಿದ್ದರು. ಬಿಲ್ಲೆ ಇಲ್ಲದ ಎದೆ ಎದ್ದು ಕಾಣುತ್ತಿದ್ದುದರಿಂದ ಕೊಡದೆ ದಾಟಿಹೋಗುವುದು ಮುಜುಗರದ ಮಾತು! ಪೋಸ್ಟರ್‌ನ ಕೆಲಸ ಆ ದಿನಕ್ಕೆ ಮನಸ್ಸನ್ನು ಹದಗೊಳಿಸುವುದು. ಹಾಗಾಗಿ ಶವಗಳಿಗಿಂತ ಹೆಚ್ಚಾಗಿ ಬದುಕುಳಿದವರೇ ಕಾಣುತ್ತಾರೆ: ವಿಧವೆಯರು, ಅನಾಥ ಮಕ್ಕಳು, ನಿರಾಶ್ರಿತರು. ಹಣ ಬೇಕಿದ್ದುದು ಅವರಿಗೇ.

ಚಿತ್ರಗಳು ಇಷ್ಟು ಚೆನ್ನಾಗಿರುವುದಕ್ಕೂ ಕಾರಣವಿದೆ. ಯುದ್ಧಕ್ಕೆ ಮುಂಚೆಯೇ ಪ್ಯಾರಿಸ್‌ನಲ್ಲಿ ಲಿಥೋಗ್ರಾಫ್, ಅಂದರೆ ಕಲ್ಲಚ್ಚಿನ ಪೋಸ್ಟರ್, ದೊಡ್ಡ ಕಲೆಯಾಗಿ ಬೆಳೆದಿತ್ತು. 1896ರಲ್ಲಿ ‘ಶಾ ನ್ವಾರ್’ ಮನರಂಜನಾ ತಾಣಕ್ಕಾಗಿ ಪ್ರಸಿದ್ಧ ಕಪ್ಪು ಬೆಕ್ಕನ್ನು ಬರೆದ ಸ್ಟೈನ್ಲೆನ್ ಅವರೇ ಸರ್ಬಿಯಾ ದಿನದ ಪೋಸ್ಟರನ್ನೂ ಬರೆದರು.