ಪ್ರತಿಕ್ರಿಯೆ: ಫಿಸಿಕ್ಸ್ ಓದಿದರೆ ಮೇಷ್ಟ್ರ ಕೆಲಸ ಒಂದೇನಾ?

ಬಿಎಸ್ಸಿ ಎರಡನೇ ವರ್ಷ, ಖಗೋಳದ ಹುಚ್ಚು, ಪಾಠ ಮಾಡೋದು ಬಿಟ್ಟು ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ಸಂಶೋಧನೆಯೇ ಬೇಕಿದ್ದರೆ ಎಂಎಸ್ಸಿಗೆ ಜಾಮ್, ಪಿಎಚ್‌ಡಿಗೆ ಜೆಸ್ಟ್ ಎಂಬ ಪ್ರವೇಶ ಪರೀಕ್ಷೆ ಬರೆಯಿರಿ. ಆದರೆ ಪಿಎಚ್‌ಡಿ ಅಂದರೆ ಐದಾರು ವರ್ಷ, ಆಮೇಲೆ ಊರೂರು ಅಲೆಯುವ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ. ಮನೆಯಲ್ಲಿ ಈಗಲೇ ಹೇಳಿಡಿ!

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾತ್ರ ಇವತ್ತೇ ಹಿಡಿಯಿರಿ. 2015ರಲ್ಲಿ ಹಾರಿದ ಇಸ್ರೋದ ಖಗೋಳ ವೀಕ್ಷಣಾ ಉಪಗ್ರಹ ಆಸ್ಟ್ರೋಸ್ಯಾಟ್‌ನ ಡೇಟಾ ಪುಕ್ಕಟೆ ಸಿಗುತ್ತದೆ. ಎಕ್ಸ್‌ರೇ ಸೂಸುವ ಒಂದು ಜೋಡಿ ನಕ್ಷತ್ರದ ಫೈಲ್ ಇಳಿಸಿಕೊಂಡು, ಬೆಳಕು ಏರಿಳಿಯುವ ಗ್ರಾಫ್ ಎಳೆದು ನೋಡಿ. ಈ ಕೈಚಳಕ ಸಾಫ್ಟ್‌ವೇರ್ ಕಂಪನಿಗಳಲ್ಲೂ ನಡೆಯುತ್ತದೆ.

ಇನ್ನೊಂದು ಕೆಲಸದ ಬಗ್ಗೆ ಜಾಸ್ತಿ ಜನ ಹೇಳುವುದಿಲ್ಲ: ಕ್ಯಾನ್ಸರ್ ಆಸ್ಪತ್ರೆಯ ಮೆಡಿಕಲ್ ಫಿಸಿಸಿಸ್ಟ್. ರೋಗಿಗೆ ಕೊಡುವ ವಿಕಿರಣದ ಡೋಸ್ ಲೆಕ್ಕ ಹಾಕುವವರು ಇವರೇ. ಎಂಎಸ್ಸಿ ಆದ ಮೇಲೆ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಬೇಕು.