ಸಾಪಾದ ಗದ್ದೆಗೆ ಹೋಗುವ ಮುನ್ನ ಕ್ಯಾಲೆಂಡರ್ ನೋಡಿ

ಪ್ರಶ್ನೆ: ಸೆಪ್ಟೆಂಬರ್ ಕೊನೆಯ ವಾರ ಅಮ್ಮ, ತಂಗಿ, ನಾನು ವಿಯೆಟ್ನಾಮಿಗೆ ಹೊರಟಿದ್ದೇವೆ. ಸಾಪಾದ ಮೆಟ್ಟಿಲುಗದ್ದೆಗಳ ನಡುವೆ ನಡೆದು, ಅಲ್ಲಿನ ಗುಡ್ಡಗಾಡಿನ ಹ್ಮಾಂಗ್ ಜನರ ಹಳ್ಳಿ, ಸಂತೆ ನೋಡುವ ಆಸೆ. ಅಮ್ಮನಿಗೆ 61 ವರ್ಷ, ಮೊಣಕಾಲು ನೋವಿದೆ, ಶುದ್ಧ ಸಸ್ಯಾಹಾರಿ. ಅಲ್ಲಿ ಹೆಂಗಸರು ದಾರಿಯುದ್ದಕ್ಕೂ ಬೆನ್ನು ಬಿಡದೆ ವ್ಯಾಪಾರ ಮಾಡುತ್ತಾರಂತೆ, ನಿಜವೇ?
– ಸಾಗರದ ಓದುಗರು

ಉತ್ತರ: ಟಿಕೆಟ್ ಇನ್ನೂ ಮಾಡಿಸಿಲ್ಲವೆಂದರೆ ಎರಡು ವಾರ ಮೊದಲೇ ಹೊರಡಿ. ಸಾಪಾ ಸುಮಾರು 1,500 ಮೀಟರ್ ಎತ್ತರದ ಊರು. ಚಳಿಯಿಂದಾಗಿ ಅಲ್ಲಿ ವರ್ಷಕ್ಕೆ ಒಂದೇ ಬೆಳೆ. ಮೇ, ಜೂನ್‌ನಲ್ಲಿ ನೀರು ಕಟ್ಟಿ ನಾಟಿ, ಸೆಪ್ಟೆಂಬರ್‌ನಲ್ಲಿ ಕೊಯ್ಲು. ಜಾಹೀರಾತಿನಲ್ಲಿ ಕಾಣುವ ಚಿನ್ನದ ಬಣ್ಣ ತಿಂಗಳ ಮೊದಲರ್ಧದ್ದು. ನೀವು ಹೋಗುವ ಹೊತ್ತಿಗೆ ಬಹುಪಾಲು ಗದ್ದೆಯಲ್ಲಿ ಬರೀ ಕೂಳೆ ಉಳಿದಿರುತ್ತದೆ. ದಿನಾಂಕ ಬದಲಾಯಿಸಲು ಆಗದಿದ್ದರೆ ಸಾಪಾದ ಬದಲು ಮು ಕಾಂಗ್ ಚಾಯ್‌ಗೆ ಹೋಗಿ. ಅಲ್ಲೂ ಹೆಚ್ಚಿನವರು ಹ್ಮಾಂಗ್ ಜನರೇ, ಪೈರು ಮಾಗುವುದು ಸ್ವಲ್ಪ ತಡ. ಹನೋಯಿಯಿಂದ ರಸ್ತೆ ದೂರ, ತಿರುವು ಬಹಳ. ವಾಂತಿ ಮಾತ್ರೆ ಇಟ್ಟುಕೊಳ್ಳಿ.

ಇನ್ನು ಸಂತೆ. ಇಲ್ಲಿ ವಾರ ತಪ್ಪಿದರೆ ಸಂತೆಯೇ ಇಲ್ಲ. ಬಾಕ್ ಹಾ ಸಂತೆ ಭಾನುವಾರ ಬೆಳಿಗ್ಗೆ, ಕಾನ್ ಕಾವ್ ಸಂತೆ ಶನಿವಾರ. ಸಾಪಾದಿಂದ ಬಾಕ್ ಹಾ ಊರಿಗೆ ಮೂರು ಗಂಟೆ ಹಿಡಿಯುತ್ತದೆ, ನಸುಕಿಗೇ ಹೊರಡಬೇಕು. ಮಧ್ಯಾಹ್ನದ ಹೊತ್ತಿಗೆ ಜನ ಕರಗಿರುತ್ತಾರೆ. ಹೂ ಹ್ಮಾಂಗ್ ಎಂದು ಕರೆಸಿಕೊಳ್ಳುವ ಹೆಂಗಸರ ನೆರಿಗೆ ಲಂಗಗಳು ಕಣ್ಣು ಕೋರೈಸುತ್ತವೆ. ಈಗ ಅವುಗಳಲ್ಲಿ ಹೆಚ್ಚಿನವು ಯಂತ್ರದಲ್ಲಿ ಅಚ್ಚಾದ ಬಟ್ಟೆ. ಅದನ್ನು ಕಂಡು ‘ಅಯ್ಯೋ, ಸಂಪ್ರದಾಯ ಹೋಯ್ತು’ ಎನ್ನುವ ಪ್ರವಾಸಿಗರ ಬಗ್ಗೆ ನನಗೆ ಸಹಾನುಭೂತಿಯಿಲ್ಲ. ನಾವೂ ಈಗ ಮನೆಯಲ್ಲಿ ನೂಲು ತೆಗೆದು ಸೀರೆ ನೇಯುವುದಿಲ್ಲವಲ್ಲ! ಸಂತೆಯ ಒಂದು ಮೂಲೆಯಲ್ಲಿ ದೊಡ್ಡ ಕಡಾಯಿಗಳಲ್ಲಿ ಕುದುರೆ ಮಾಂಸದ ‘ಥಾಂಗ್ ಕೋ’ ಕುದಿಯುತ್ತಿರುತ್ತದೆ. ವಾಸನೆ ಜೋರು. ಅಮ್ಮನನ್ನು ಆ ಕಡೆಗೆ ಕರೆದೊಯ್ಯಬೇಡಿ. ಪಕ್ಕದಲ್ಲೇ ಕ್ಯಾನುಗಳಲ್ಲಿ ಮೆಕ್ಕೆಜೋಳದ ಸಾರಾಯಿ. ರುಚಿ ನೋಡಿ ಎಂದು ಕೊಟ್ಟಾರು, ಜೋಕೆ.

ಮೊಣಕಾಲಿನ ವಿಷಯಕ್ಕೆ ಬರೋಣ. ಸಾಪಾದಿಂದ ಮುವಾಂಗ್ ಹ್ವಾ ಕಣಿವೆಯೊಳಗೆ ಇಡೀ ದಿನ ನಡೆಸುವ ದಾರಿಯಲ್ಲಿ ನೋವು ಕೊಡುವುದು ಏರಲ್ಲ, ಇಳಿಜಾರು. ಮಳೆ ಬಿದ್ದ ಮೇಲೆ ಅಲ್ಲಿನ ಕೆಂಪು ಜೇಡಿ ನಮ್ಮ ಶ್ರಾವಣದ ಅಂಗಳದ ಹಾಗೆ ಜಾರುತ್ತದೆ. ಅಮ್ಮನನ್ನು ಕಾರಿನಲ್ಲಿ ನೇರ ಲಾವ್ ಚಾಯ್‌ಗೆ ಇಳಿಸಿ. ಅದು ಕಪ್ಪನೆಯ ಉಡುಪಿನಿಂದ ಕರಿ ಹ್ಮಾಂಗ್ ಎನಿಸಿಕೊಂಡವರ ಹಳ್ಳಿ. ಅಲ್ಲಿಂದ ಜ್ಯಾಯ್ ಎಂಬ ಬೇರೊಂದು ಸಮುದಾಯದ ಹಳ್ಳಿ ತಾ ವಾನ್‌ಗೆ ನಿಧಾನ ನಡೆದರೂ ಮಧ್ಯಾಹ್ನದೊಳಗೆ ಮುಟ್ಟುತ್ತೀರಿ. ರಾತ್ರಿ ಅಲ್ಲೇ ಯಾರದಾದರೂ ಮನೆಯಲ್ಲಿ ಉಳಿಯಿರಿ. ಕಾತ್ ಕಾತ್ ಹಳ್ಳಿಗೆ ಟಿಕೆಟ್ ಕೊಟ್ಟು ಹೋಗಬೇಕು. ಬಾಡಿಗೆ ವೇಷ ತೊಟ್ಟು ಫೋಟೊ ತೆಗೆಸಿಕೊಳ್ಳುವವರ ಜಾತ್ರೆ ಅದು. ನಾನಾದರೆ ಬಿಟ್ಟುಬಿಡುತ್ತೇನೆ. ಒಂದು ಎಚ್ಚರಿಕೆ: 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತದ ಮಳೆಗೆ ಈ ಪ್ರಾಂತ್ಯದಲ್ಲೇ ಗುಡ್ಡ ಕುಸಿದು ಬಹಳ ಸಾವುನೋವಾಯಿತು. ಚಂಡಮಾರುತದ ಮುನ್ಸೂಚನೆಯಿದ್ದರೆ ಹನೋಯಿಯಲ್ಲೇ ಉಳಿಯಿರಿ, ಮುಂಗಡ ಹಣ ಹೋದರೆ ಹೋಗಲಿ.

ಊಟಕ್ಕೆ ‘ಆನ್ ಚಾಯ್’ ಎಂದರೆ ಸಸ್ಯಾಹಾರ ಎಂದು ಅರ್ಥವಾಗುತ್ತದೆ. ಆದರೆ ಮೀನಿನ ಸಾಸು, ‘ನ್ಯೂಕ್ ಮಾಮ್’, ಕೈಗೆ ರೂಢಿಯಾಗಿರುವುದರಿಂದ ಅದೂ ಬೇಡ ಎಂದು ಬೇರೆಯಾಗಿ ಹೇಳಿ. ಸಾಪಾದಲ್ಲಿ ಸೀಮೆಬದನೆ ಚಪ್ಪರ ಹೆಜ್ಜೆಹೆಜ್ಜೆಗೂ. ಅದರ ಎಳೆ ಕುಡಿಯನ್ನು ಬೆಳ್ಳುಳ್ಳಿ ಹಾಕಿ ಹುರಿದು ಕೊಡುತ್ತಾರೆ. ಕಾಯಿಯ ಪಲ್ಯವನ್ನಷ್ಟೇ ತಿಂದ ನಮಗೆ ಅದೊಂದು ಹೊಸ ರುಚಿ. ಬಿಸಿ ಅನ್ನ, ತೋಫು ಜೊತೆಗಿದ್ದರೆ ಅಮ್ಮನ ಊಟ ನಡೆಯುತ್ತದೆ. ಉಪ್ಪಿನಕಾಯಿ ಒಯ್ಯಿರಿ.

ಬೆನ್ನು ಬಿಡದ ಹೆಂಗಸರು: ನಿಜ. ಬೆನ್ನಿಗೆ ಬುಟ್ಟಿ, ಬಾಯಲ್ಲಿ ‘ಎಲ್ಲಿಂದ ಬಂದಿರಿ, ಎಷ್ಟು ಮಕ್ಕಳು’. ನಡೆಯುತ್ತಲೇ ಬೆರಳಲ್ಲಿ ಭಂಗಿ (ಹೆಂಪ್) ಗಿಡದ ನಾರಿನ ಎಳೆ ಹೊಸೆಯುತ್ತಿರುತ್ತಾರೆ, ಕಣ್ಣು ಮಾತ್ರ ನಿಮ್ಮ ಕಾಲಿನ ಮೇಲೆ. ಜಾರುವ ಜಾಗದಲ್ಲಿ ತಟ್ಟನೆ ಅಮ್ಮನ ಕೈ ಹಿಡಿದುಕೊಳ್ಳುತ್ತಾರೆ, ಹಳ್ಳಿ ಮುಟ್ಟಿದ ಮೇಲೆ ಬುಟ್ಟಿ ಬಿಚ್ಚುತ್ತಾರೆ. ಕೊಳ್ಳುವ ಮನಸ್ಸಿಲ್ಲದಿದ್ದರೆ ಹೊರಡುವಾಗಲೇ ಹೇಳಿಬಿಡಿ. ಎರಡು ಗಂಟೆ ಕೈಹಿಡಿಸಿಕೊಂಡು ಕೊನೆಗೆ ತಲೆ ಅಲ್ಲಾಡಿಸುವುದು ಸರಿಯಲ್ಲ, ಆ ಕೈಹಿಡಿದದ್ದೂ ಕೂಲಿಯ ಕೆಲಸವೇ. ಮಕ್ಕಳ ಹತ್ತಿರ ಮಾತ್ರ ಕೊಳ್ಳಬೇಡಿ, ಶಾಲೆ ಬಿಟ್ಟು ದಾರಿಯಲ್ಲಿ ನಿಲ್ಲುವುದು ಅವರಿಗೆ ರೂಢಿಯಾಗುತ್ತದೆ. ದಾರಿ ತೋರಿಸುವುದಕ್ಕೂ ಹಳ್ಳಿಯ ಹೆಂಗಸೊಬ್ಬರನ್ನೇ ಗೊತ್ತು ಮಾಡಿಕೊಳ್ಳಿ.

ಕೊಳ್ಳುವುದಾದರೆ ನೀಲಿ ಬಟ್ಟೆ ಕೊಳ್ಳಿ. ಜೇನುಮೇಣದಲ್ಲಿ ಚಿತ್ತಾರ ಬರೆದು, ನೀಲಿಯಲ್ಲಿ ಮತ್ತೆಮತ್ತೆ ಅದ್ದಿ ತೆಗೆದದ್ದು. ಆ ಬಣ್ಣದ ಗಿಡ ನಮ್ಮ ನೀಲಕುರಿಂಜಿಯ ಕುಲದ್ದೇ, ಹತ್ತಿರದ ನೆಂಟ. ಅಸಲಿ ಮಾಲಿನ ಗುರುತು ಮಾರುವವಳ ಅಂಗೈ: ಉಗುರಿನ ಸಂದಿಯವರೆಗೆ ನೀಲಿ ಇಳಿದಿರುತ್ತದೆ. ಬಟ್ಟೆಯನ್ನು ಉಜ್ಜಿ ನೋಡಿದರೆ ನಿಮ್ಮ ಬೆರಳಿಗೂ ಹತ್ತುತ್ತದೆ. ಮನೆಗೆ ಬಂದ ಮೇಲೆ ಬೇರೆ ಬಟ್ಟೆಯ ಜೊತೆ ನೆನೆಸಬೇಡಿ. ನನ್ನ ಎರಡು ಬಿಳಿ ಪಂಚೆ ಇವತ್ತಿಗೂ ತೆಳುನೀಲಿ.