ರಾತ್ರಿ ಬಾಗಿಲು ಮುಚ್ಚಿ, ಹಗಲು ಬಿಸ್ಕತ್ತು ಕೊಟ್ಟ ಮನೆ

ಮೈಸೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿ. ಇಬ್ಬರೂ ಕೆಲಸಕ್ಕೆ ಹೋಗುವ ದಂಪತಿ, ಒಂಬತ್ತನೆಯ ತರಗತಿಯ ಮಗಳು, ಗಂಡನ ತಾಯಿ. ಮಗಳ ಹಟಕ್ಕೆ ತಂದದ್ದು ನಾಡುನಾಯಿಯ ಗಂಡು ಮರಿ. ಇಲ್ಲಿ ಅದನ್ನು ಕೆಂಚ ಎನ್ನೋಣ. ಮನೆಯವರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ, ಮರಿಯ ವರ್ತನೆಯನ್ನು ಬದಲಿಸಿಲ್ಲ. "ಹಗಲೂ ರಾತ್ರಿ ಬಾಯಿ ಮುಚ್ಚುವುದಿಲ್ಲ, ಎಲ್ಲರೂ ಸದಾ ಇದನ್ನೇ ನೋಡುತ್ತಿರಬೇಕು" ಎಂಬುದು ನಾಯಿಗಳ ವರ್ತನೆ ತಿದ್ದುವ ನನ್ನಲ್ಲಿಗೆ ಅವರು ತಂದ ದೂರು. ಕೆಳಗಿನ ಮನೆಯವರು ಬಂದು ಗೊಣಗಿ ಹೋಗಿದ್ದರು. ಮರಿಯನ್ನು ವಾಪಸ್ಸು ಕೊಡುವ ಮಾತು ಆಗಲೇ ಶುರುವಾಗಿತ್ತು.

ಮೊದಲು ವಯಸ್ಸಿನ ವಿಷಯ. ಕೊಟ್ಟವರು ಎರಡು ತಿಂಗಳ ಮರಿ ಎಂದಿದ್ದರಂತೆ. ಪಶುವೈದ್ಯರು ಹಲ್ಲು ನೋಡಿ ಐದು ವಾರದ ಆಸುಪಾಸು ಎಂದು ಹೇಳಿದ್ದರು. ಅದು ನನ್ನ ಮುಂದೆ ಬಂದಾಗ ಎಂಟು ವಾರ ತುಂಬಿತ್ತಷ್ಟೆ. ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರಬಾರದೆಂದು ಕೇಂದ್ರ ಸರ್ಕಾರದ 2017ರ ನಾಯಿ ಸಂತಾನಾಭಿವೃದ್ಧಿ ನಿಯಮಗಳು ಹೇಳುತ್ತವೆ. ಇದು ಮಾರಾಟವಲ್ಲ, ಪರಿಚಯದವರು ಸುಮ್ಮನೆ ಕೊಟ್ಟದ್ದು. ಆದರೆ ಆ ಮಿತಿಗೆ ಇರುವ ಕಾರಣವೇನೂ ಬದಲಾಗುವುದಿಲ್ಲ. ಐದರಿಂದ ಎಂಟನೆಯ ವಾರದೊಳಗೆ ತಾಯಿ ಹಾಲು ಬಿಡಿಸುತ್ತದೆ, ಮೊಲೆಗೆ ಬಾಯಿ ಹಾಕಿದರೆ ಎದ್ದು ಹೋಗುತ್ತದೆ. ಕೇಳಿದ್ದೆಲ್ಲ ಕೇಳಿದ ಕೂಡಲೇ ಸಿಗುವುದಿಲ್ಲ ಎಂಬ ಪಾಠ ಮರಿಗೆ ಅಲ್ಲಿ ಆಗುತ್ತದೆ. ಜೋರಾಗಿ ಕಚ್ಚಿದರೆ ಒಡಹುಟ್ಟಿದ ಮರಿ ಕಿರುಚಿ ಆಟ ನಿಲ್ಲಿಸುತ್ತದೆ, ಅದು ಇನ್ನೊಂದು ಪಾಠ. ಕೆಂಚನಿಗೆ ಎರಡೂ ತಪ್ಪಿದ್ದವು.

ಮನೆಯವರು ರಾತ್ರಿಯ ಒಂದು ವಿಡಿಯೋ ತೋರಿಸಿದರು. "ಅತ್ತರೆ ಅಳಲಿ, ಬರುಬರುತ್ತ ಅಭ್ಯಾಸವಾಗುತ್ತದೆ" ಎಂದು ಯಾರೋ ಹೇಳಿದ್ದರಿಂದ ಮರಿಯನ್ನು ಬಟ್ಟೆ ಒಗೆಯುವ ಯುಟಿಲಿಟಿಯಲ್ಲಿ ಬಿಟ್ಟು ಬಾಗಿಲು ಹಾಕುತ್ತಿದ್ದರು. ಹಳೆಯ ಮೊಬೈಲನ್ನು ಕಪಾಟಿನ ಮೇಲಿಟ್ಟು ಚಿತ್ರೀಕರಿಸಿದ್ದು ಮಗಳು. ಡಿಸೆಂಬರಿನ ಚಳಿ, ಬರಿಯ ಟೈಲ್ಸ್ ನೆಲ, ಮೂಲೆಯಲ್ಲಿ ಒಂದು ತೆಳುವಾದ ಚಾಪೆ. ಮರಿ ಎದ್ದು ಕುಂಯ್‌ಗುಟ್ಟುತ್ತದೆ, ಬಾಗಿಲಿನ ಸಂದಿಗೆ ಮೂಗು ಒತ್ತುತ್ತದೆ, ನೆಲ ಮೂಸುತ್ತ ಎರಡು ಸುತ್ತು ಹಾಕುತ್ತದೆ, ಮತ್ತೆ ಬಾಗಿಲಿಗೆ ಬಂದು ಊಳಿಡುತ್ತದೆ. ಕೊನೆಗೆ ತಡೆಯಲಾರದೆ ಚಾಪೆಯಿಂದ ಸಾಧ್ಯವಾದಷ್ಟು ದೂರ ಹೋಗಿ ಮೂತ್ರ ಮಾಡುತ್ತದೆ. ಆಮೇಲೆ ಸದ್ದು ಅರ್ಧಕ್ಕರ್ಧ ಇಳಿಯುತ್ತದೆ, ಆದರೆ ನಿಲ್ಲುವುದಿಲ್ಲ. ಮೈ ನಡುಗುವುದು ಆ ಮಸುಕು ಚಿತ್ರದಲ್ಲೂ ಕಾಣುತ್ತಿತ್ತು.

ಇದು ಹಟವಲ್ಲ. ಎರಡು ತಿಂಗಳ ಮರಿ ಎಚ್ಚರವಿದ್ದಾಗ ಎರಡು ಮೂರು ಗಂಟೆ ಮೂತ್ರ ಹಿಡಿದರೆ ಹೆಚ್ಚು. ಇವರು ಅದರಿಂದ ಎಂಟು ಗಂಟೆ ಬಯಸುತ್ತಿದ್ದರು. ಹುಟ್ಟಿದಂದಿನಿಂದ ಇನ್ನೊಂದು ಮೈಯ ಬಿಸಿಗೆ ಅಂಟಿ ಮಲಗಿದ ಜೀವ ಒಂಟಿಯಾದಾಗ ಕೂಗದಿದ್ದರೆ ಕಾಡಿನಲ್ಲಿ ಬದುಕುತ್ತಿರಲಿಲ್ಲ.

ಇನ್ನು ಹಗಲು. ನಾನು ಹೋದಾಗ ಅಜ್ಜಿ ಊಟದ ಮನೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಕೆಂಚ ಅವರೆದುರು ಬಂದು ನಿಂತು ಒಮ್ಮೆ ಬೊಗಳಿತು. ಒಂದು ಹೆಜ್ಜೆ ಹಿಂದೆ ಸರಿದು ಅವರ ಕೈ ನೋಡಿತು. ಮತ್ತೆ ಬೊಗಳಿತು, ಮತ್ತೆ ಕೈ ನೋಡಿತು. ಬಾಲ ಮೇಲೆ, ಮೈ ಸಡಿಲ, ಕಣ್ಣಿನಲ್ಲಿ ಲೆಕ್ಕಾಚಾರ. ಮೂರನೆಯ ಬೊಗಳಿಗೆ ಅಜ್ಜಿ "ಅಯ್ಯೋ ರಾಮ, ತಗೋ" ಎಂದು ಸೆರಗಿನ ಗಂಟಿನಿಂದ ಗ್ಲೂಕೋಸ್ ಬಿಸ್ಕತ್ತಿನ ಚೂರು ಎಸೆದರು. ಒಳಗಿನಿಂದ ಸೊಸೆ "ಕೆಂಚಾ, ಶ್!" ಎಂದು ಗದರಿದರು. ಮಗಳು ನಗುತ್ತ ಎತ್ತಿಕೊಂಡಳು. ಮೂರು ಬೊಗಳಿಗೆ ತಿಂಡಿ, ಮಾತು, ಅಪ್ಪುಗೆ ಮೂರೂ ಸಿಕ್ಕವು. ರಚ್ಚೆ ಹಿಡಿಯುವುದೆಂದರೆ ಇದು.

ಕೂಗಿಗೆ ಕಿವಿಗೊಡಬೇಡಿ ಎಂಬ ಸಲಹೆಯೇ ತಪ್ಪಲ್ಲ. ಇವರು ಅದನ್ನು ಹಗಲು ಪಾಲಿಸದೆ ರಾತ್ರಿಗೆ ಅನ್ವಯಿಸಿದ್ದರು. ಓಗೊಡಬೇಕಾದ ಕೂಗಿಗೆ ಬಾಗಿಲು ಮುಚ್ಚಿ, ಓಗೊಡಬಾರದ ಬೊಗಳಿಗೆ ಬಿಸ್ಕತ್ತು ಕೊಡುತ್ತಿದ್ದರು. ಇದು ಈ ಮನೆಯೊಂದರ ಕಥೆಯಲ್ಲ; ನನ್ನ ಬಳಿ ಬರುವ ಮರಿಗಳ ಪ್ರಕರಣಗಳಲ್ಲಿ ಬಹುಪಾಲು ಹೀಗೆಯೇ ತಲೆಕೆಳಗಾಗಿರುತ್ತವೆ.

ಮನೆಯ ಯಜಮಾನರು ಒಪ್ಪಲಿಲ್ಲ. "ರಾತ್ರಿ ಪಕ್ಕದಲ್ಲಿ ಮಲಗಿಸಿದರೆ ಸಲಿಗೆಯಾಗುತ್ತದೆ, ನಾಳೆ ತಲೆಯ ಮೇಲೆ ಕೂರುತ್ತದೆ" ಎಂದರು. ಅಮೆರಿಕದ ಬಾರ್ ಹಾರ್ಬರಿನ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ಮರಿಗಳನ್ನು ಸಾಕಿ ನೋಡಿ 1965ರಲ್ಲಿ ಪ್ರಕಟಿಸಿದ್ದನ್ನು ಅವರಿಗೆ ಹೇಳಿದೆ: ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿ ಯಾರನ್ನು ನಂಬಬಹುದು, ಯಾವುದಕ್ಕೆ ಹೆದರಬೇಕು ಎಂಬುದನ್ನು ಕಲಿಯುತ್ತದೆ. ಆ ಅವಧಿಯ ರಾತ್ರಿಗಳನ್ನೆಲ್ಲ ಮುಚ್ಚಿದ ಬಾಗಿಲಿನ ಹಿಂದೆ ಕಳೆದ ಮರಿ ಧೈರ್ಯವನ್ನು ಕಲಿಯುವುದಿಲ್ಲ, ಒಂಟಿತನದ ಭಯವನ್ನು ಕಲಿಯುತ್ತದೆ. ದೊಡ್ಡದಾದ ಮೇಲೆ ಮನೆಯವರು ಚಪ್ಪಲಿ ಮೆಟ್ಟಿದ ಕೂಡಲೇ ಊಳಿಡುವ ನಾಯಿಗಳಲ್ಲಿ ಅನೇಕವು ಹೀಗೆ ಬೆಳೆದವು. ಅವರು ಪೂರ್ತಿ ಒಪ್ಪಿದರೆಂದು ಹೇಳಲಾರೆ. ನಿದ್ದೆಗೆಟ್ಟಿದ್ದರು, ಪ್ರಯತ್ನಿಸಲು ಒಪ್ಪಿದರು.

ಮೊದಲ ಸಲಹೆ, ಪಶುವೈದ್ಯರಲ್ಲಿಗೆ ಇನ್ನೊಮ್ಮೆ ಹೋಗುವುದು. ಮರಿಗೆ ಜಂತುಹುಳುವಿನ ಔಷಧ ಒಮ್ಮೆ ಮಾತ್ರ ಬಿದ್ದಿತ್ತು. ಈ ವಯಸ್ಸಿನಲ್ಲಿ ಮೂರು ತಿಂಗಳು ತುಂಬುವವರೆಗೆ ಎರಡು ವಾರಕ್ಕೊಮ್ಮೆ ಕೊಡುವುದು ರೂಢಿ. ಹೊಟ್ಟೆ ಉಬ್ಬರಿಸಿಕೊಂಡು ಅಳುವ ಮರಿಗೆ ತರಬೇತಿ ಕೊಡುವುದು ಕ್ರೌರ್ಯ. ದಿನಕ್ಕೆರಡು ಹೊತ್ತು ಹಾಲನ್ನ ಹಾಕುತ್ತಿದ್ದರು. ನಾಲ್ಕು ಹೊತ್ತು ಮಾಡಿ, ಹಾಲು ಬಿಟ್ಟು, ಮರಿಗಳ ಆಹಾರ ಅಥವಾ ಬೇಯಿಸಿದ ಮೊಟ್ಟೆ, ಕೋಳಿ ಸೇರಿಸಿ ಎಂದೆ. ಮನೆ ಸಸ್ಯಾಹಾರಿಯಾದ್ದರಿಂದ ಮೊಟ್ಟೆ ಬಾಲ್ಕನಿಯ ಇಂಡಕ್ಷನ್ ಒಲೆಯಲ್ಲಿ ಬೇಯುವುದೆಂದು ಇತ್ಯರ್ಥವಾಯಿತು.

ರಾತ್ರಿಗೆ: ಮಂಚದ ಪಕ್ಕ ಎತ್ತರದ ರಟ್ಟಿನ ಪೆಟ್ಟಿಗೆ, ಅದರಲ್ಲಿ ಅಜ್ಜಿಯ ಹಳೆಯ ಹತ್ತಿ ಸೀರೆ, ಒಂದು ಬದಿಗೆ ಟವೆಲಿನಲ್ಲಿ ಸುತ್ತಿದ ಬಿಸಿನೀರಿನ ಬಾಟಲಿ, ಬಿಸಿ ಸಾಕೆನಿಸಿದರೆ ಮರಿ ದೂರ ಸರಿಯುವಷ್ಟು ಜಾಗ. ಕೂಗಿದರೆ ದೀಪ ಹಾಕದೆ, ಮುದ್ದು ಮಾಡದೆ ಎತ್ತಿಕೊಂಡು ಹೋಗಿ ಬಾಲ್ಕನಿಯ ಪತ್ರಿಕೆಯ ಮೇಲೆ ಬಿಡುವುದು, ಆದ ಮೇಲೆ ಹಾಗೆಯೇ ತಂದು ಮಲಗಿಸುವುದು. ಆಮೇಲೂ ಕುಂಯ್‌ಗುಟ್ಟಿದರೆ ಪೆಟ್ಟಿಗೆಯೊಳಗೆ ಒಂದು ಕೈ ಇಟ್ಟರೆ ಸಾಕು. ನೆಮ್ಮದಿಯಾಗಿ ಮಲಗತೊಡಗಿದ ಮೇಲೆ ಪೆಟ್ಟಿಗೆಯನ್ನು ಒಂದೊಂದೇ ಅಡಿ ಬಾಗಿಲ ಕಡೆಗೆ ಸರಿಸುತ್ತ ಹೋಗುವುದು.

ಹಗಲಿನ ಗುರುವಾಗಿ ಆರಿಸಿದ್ದು ಅಜ್ಜಿಯನ್ನೇ. ಮನೆಯವರೆಲ್ಲ ಅವರನ್ನು ದೂರುತ್ತಿದ್ದರು, ಆದರೆ ಬೊಗಳಿದ ಕ್ಷಣಕ್ಕೆ ಸರಿಯಾಗಿ ಚೂರು ಎಸೆಯುವ ಅಂಥ ಚುರುಕು ಕೈ ಆ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಅದೇ ಚೂರು, ಬಿಸ್ಕತ್ತಿನ ಬದಲು ಅದರ ಊಟದ ಕಾಳು, ಬೊಗಳು ನಿಂತು ಎರಡು ಸೆಕೆಂಡು ಮೌನವಾದಾಗ. ಮಾರನೆಯ ದಿನ ಮೂರು ಸೆಕೆಂಡು. ಕುಳಿತರೆ ಇನ್ನೊಂದು. ಬೊಗಳುತ್ತಿರುವಾಗ ಮುಖ ತಿರುಗಿಸಿ ಅವರೆಕಾಯಿ ಸುಲಿಯುವುದು, ಗದರುವುದೂ ಬೇಡ. ಬೊಗಳುವ ನಾಯಿಯನ್ನು ಕೂಗಿ ಸುಮ್ಮನಾಗಿಸಲು ಹೋಗುವುದು ಭಜನೆಗೆ ತಾಳ ಹಾಕಿದಂತೆ.

ಎರಡು ಎಚ್ಚರಿಕೆ ಹೇಳಿದ್ದೆ. ಬಿಸ್ಕತ್ತು ನಿಂತ ಮೊದಲ ದಿನಗಳಲ್ಲಿ ಬೊಗಳು ಇಳಿಯುವ ಮೊದಲು ಏರುತ್ತದೆ. ಇಷ್ಟು ದಿನ ಮೂರು ಬೊಗಳಿಗೆ ಸಿಕ್ಕದ್ದು ಈಗ ಹತ್ತಕ್ಕೆ ಸಿಗಬಹುದೇನೋ ಎಂದು ಮರಿ ನೋಡುತ್ತದೆ. ಆಗ ಸೋತು ಒಮ್ಮೆ ಕೊಟ್ಟರೆ, ಹತ್ತು ಸಲ ಬೊಗಳಿದರೆ ಸಿಗುತ್ತದೆ ಎಂದು ಕಲಿಸಿದ ಹಾಗಾಗುತ್ತದೆ. ಇನ್ನೊಂದು: ಈ ಮೌನಪಾಠ ಹೊಟ್ಟೆ ತುಂಬಿ, ಮೂತ್ರವಾಗಿ, ನಿದ್ದೆಯಾಗಿರುವ ಮರಿಗೆ ಮಾತ್ರ. ಇಷ್ಟು ಚಿಕ್ಕ ಮರಿಗೆ ದಿನಕ್ಕೆ ಹದಿನೆಂಟು ಗಂಟೆಯಷ್ಟು ನಿದ್ದೆ ಬೇಕು. ಮಗಳು ಶಾಲೆಯಿಂದ ಬಂದ ಮೇಲೆ ಗೆಳತಿಯರು ಕೈಯಿಂದ ಕೈಗೆ ದಾಟಿಸಿ ಆಡಿಸುತ್ತಿದ್ದರು. ಸಂಜೆ ಏಳರ ಹುಚ್ಚು ಓಟ, ಕಚ್ಚಾಟ, ಅರಚಾಟದ ಮೂಲ ಅಲ್ಲಿತ್ತು. ಐದು ಗಂಟೆಗೆ ಪೆಟ್ಟಿಗೆಯಲ್ಲಿ ಮಲಗಿಸುವ ಕೆಲಸ ಅವಳ ಪಾಲಿಗೆ ಬಂತು.

ರಾತ್ರಿಯ ಗಲಾಟೆ ಒಂದು ವಾರದೊಳಗೆ ತಗ್ಗಿತು. ನಸುಕಿನಲ್ಲಿ ಒಮ್ಮೆ ಎದ್ದು ಬಾಲ್ಕನಿಗೆ ಕರೆದೊಯ್ಯುವುದು ಮಾತ್ರ ಉಳಿಯಿತು. ಹಗಲಿನದು ಅಷ್ಟು ಸಲೀಸಾಗಲಿಲ್ಲ. ನೆಂಟರು ಬಂದಾಗಲೆಲ್ಲ ಯಾರಾದರೊಬ್ಬರು ಬೊಗಳಿಗೆ ಚಕ್ಕುಲಿ ಕೊಟ್ಟು ಪಾಠ ಹಿಂದಕ್ಕೆ ಹೋಗುತ್ತಿತ್ತು. ಅಜ್ಜಿ ಈಗ ನೆಂಟರನ್ನೇ ಗದರುತ್ತಾರಂತೆ. ಕೆಳಗಿನ ಮನೆಗೆ ತಾವೇ ಹೋಗಿ "ಮರಿ ಇನ್ನೂ ಕಲಿಯುತ್ತಿದೆ, ಸ್ವಲ್ಪ ದಿನ ಸಹಿಸಿಕೊಳ್ಳಿ" ಎಂದು ಹೇಳಿ ಬರುವಂತೆ ತಿಳಿಸಿದ್ದೆ, ಅದನ್ನು ಯಜಮಾನರು ಮಾಡಿದರು. ಮೊನ್ನೆ ಅವರದೇ ಕರೆ: ಕೆಂಚ ಈಗ ಕೊರಿಯರ್ ಹುಡುಗನಿಗೆ ಬೊಗಳುತ್ತಿದೆಯಂತೆ, ಅದಕ್ಕೂ ಮುಖ ತಿರುಗಿಸಬೇಕೇ ಎಂದು ಕೇಳಿದರು. ಬೇಡ, ಅದು ಹೆದರಿಕೆಯ ಬೊಗಳು ಇರಬಹುದು, ಬಾಗಿಲು ತೆರೆಯುವ ಮೊದಲು ಅದರ ಕಿವಿ, ಬಾಲ ಹೇಗಿರುತ್ತವೆಂದು ಚಿತ್ರೀಕರಿಸಿ ಕಳುಹಿಸಿ ಎಂದಿದ್ದೇನೆ.